ಒದ್ದೆ ತಗಡಿನ ಭಾಗೀರಥಿ

ಹಳೆಯ ಫೋಟೋದಲ್ಲಿ ನಿಂತವನ ಕಾಲ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಪಾದ ಇಣುಕುತ್ತಿದ್ದರೆ ಆ ಮನುಷ್ಯ ಸತ್ತಿದ್ದಾನೆಂದೇ ಅರ್ಥ. ಹೆಣಕ್ಕೆ ಕೋಟು ತೊಡಿಸಿ, ಸ್ಟ್ಯಾಂಡಿಗೆ ಆನಿಸಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಇದು ಮನೋಜನ ಬಹುಕಾಲದ ನಂಬಿಕೆ. ಈ ಜ್ಞಾನವನ್ನು ಅವನು ಯಾವ ಪುಸ್ತಕದಿಂದಲೂ ಪಡೆದಿರಲಿಲ್ಲ. ಫೋನಿನ ಮೇಲೆ ಬೆರಳಾಡಿಸುವಾಗ ತಾನಾಗಿ ಬಂದು ಬಿದ್ದದ್ದು. ನಾರ್ತ್ ಸಿಡ್ನಿಯ ಆಫೀಸೊಂದರಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವನ ಸಂಬಳದ ಕೆಲಸ. ಸ್ವಂತ ತಲೆಯೊಳಗೆ ಏನಿದೆ ಎಂದು ಹುಡುಕಿ ನೋಡುವುದು ಆ ಕೆಲಸದ ವ್ಯಾಪ್ತಿಗೆ ಬರುತ್ತಿರಲಿಲ್ಲ. ಒಮ್ಮೆ ವಿಡಿಯೋ ಕಾಲಿನಲ್ಲಿ ತುಮಕೂರಿನ ಮನೆಯ ಗೋಡೆ ಕಂಡಾಗ, ಅಲ್ಲಿ ತೂಗುತ್ತಿದ್ದ ಮುತ್ತಜ್ಜನ ಪಟ ನೋಡಿ, "ಅಜ್ಜಿ, ಇದು ಮುತ್ತಜ್ಜ ಹೋದ್ಮೇಲೆ ತೆಗೆದಿದ್ದು, ಗೊತ್ತಾ? ಕಾಲ ಹಿಂದೆ ನೋಡಿ, ಸ್ಟ್ಯಾಂಡ್ ಇದೆ" ಎಂದುಬಿಟ್ಟ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಅದು ತೆಗೆದಾಗ ನಾನಿನ್ನೂ ಹುಟ್ಟೇ ಇರ್ಲಿಲ್ಲ ಕಣೋ. ಹಂಗಾದ್ರೆ ನಾನು ಯಾರ ಮಗಳು?" ಎಂದು ಕೇಳಿದರು. ಮನೋಜ ನೆಟ್‌ವರ್ಕ್ ಸರಿಯಿಲ್ಲವೆಂದು ಫೋನಿಟ್ಟ. ನಂಬಿಕೆಯನ್ನು ಮಾತ್ರ ಬಿಡಲಿಲ್ಲ.

ಹೀಗಿರುವಾಗ ಅವನು ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯಲ್ಲಿ ಒಂದು ಗ್ರ್ಯಾನಿ ಫ್ಲ್ಯಾಟ್ ಬಾಡಿಗೆಗಿದೆ ಎಂದು ಕೇಳಿ ನೋಡಲು ಹೋದ. ಮನೆಯ ಹಿಂದಿನ ಆ ಒಂಟಿ ಕೋಣೆಗೆ ಗ್ಯಾರೇಜಿನ ಪಕ್ಕದಲ್ಲೇ ದಾರಿ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಂದು ಮರದ ಕುರ್ಚಿ. ಕುರ್ಚಿಯ ಹಿಂದೆ ಕಬ್ಬಿಣದ ಸ್ಟ್ಯಾಂಡು. ಅದರ ತುದಿಯಲ್ಲಿ ಕತ್ತಿನ ಎತ್ತರಕ್ಕೆ ಸರಿಯಾಗಿ ಎರಡು ಬೆರಳಿನ ಹಿಡಿಕೆ. ಗೋಡೆಗೆ ಕರಿಯ ಬಟ್ಟೆ. ಆಸ್ಪತ್ರೆಯಂಥ ಒಂದು ವಾಸನೆ. ಮನೋಜ ಅಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹೆಂಗಸು ಬಂದರು. ಅರವತ್ತೈದು ದಾಟಿದ ವಯಸ್ಸು, ಹಳೆಯ ಕಾಟನ್ ಸೀರೆಯನ್ನೇ ಏಪ್ರನ್ನಿನಂತೆ ಸುತ್ತಿಕೊಂಡಿದ್ದರು. ಹತ್ತು ಬೆರಳೂ ಇದ್ದಲಿನಷ್ಟು ಕಪ್ಪು.

"ಆಂಟಿ, ಇದ್ರಲ್ಲಿ ಯಾರನ್ನ ನಿಲ್ಲಿಸ್ತೀರಿ?"

"ಬಂದೋರನ್ನ."

"ಅಂದ್ರೆ... ಬಾಡಿನಾ?"

ಮನೆಯೊಡತಿ ಭಾಗೀರಥಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೆಣ ಅಲ್ಲಾಡತ್ತೇನಯ್ಯ? ಅಲ್ಲಾಡೋರು ಬದುಕಿರೋರು. ಕತ್ತು ಹಿಡಿಯೋ ಸ್ಟ್ಯಾಂಡು ಅವರಿಗೆ. ಫೋನಲ್ಲಿ ನೀನು ಇಂಜಿನಿಯರ್ ಅಂತ ಹೇಳಿದ್ಯಲ್ಲ?"

ಮನೋಜ ಹೌದೆಂದ. ಆದರೆ ಅಷ್ಟು ಸಣ್ಣ ದನಿಯಲ್ಲಿ ಅವನು ಆ ಮಾತನ್ನು ಹಿಂದೆಂದೂ ಹೇಳಿರಲಿಲ್ಲ.

ಹೀಗೆ ಅವನು ಭಾಗೀರಥಿಯವರ ಬಾಡಿಗೆದಾರನಾದ.

ಭಾಗೀರಥಿ ಮೈಸೂರಿನ ಸರಸ್ವತಿಪುರಂನವರು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಸಿವಿಲ್ ಇಂಜಿನಿಯರ್ ಬದರಿನಾಥರನ್ನು ಮದುವೆಯಾಗಿ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಿಡ್ನಿಗೆ ಬಂದರು. ಇಲ್ಲಿಯವರು ಆ ಎಂಎಸ್ಸಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಲ್ಯಾಬೊಂದರಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ಕೊಟ್ಟರು. ತೊಳೆದರು. ತೊಳೆಯುತ್ತಲೇ ಒಬ್ಬಳು ಮಗಳನ್ನು ಬೆಳೆಸಿ, ಇಲ್ಲಿಯ ಪರೀಕ್ಷೆಗಳನ್ನು ಕಟ್ಟಿ, ಲಿವರ್‌ಪೂಲ್‌ನ ಆಸ್ಪತ್ರೆಯ ಪೆಥಾಲಜಿ ಲ್ಯಾಬಿಗೆ ಸೇರಿ, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡರು. ಲೆಬನಾನಿನವರು, ವಿಯೆಟ್ನಾಮಿನವರು, ಫಿಜಿಯವರು, ಇರಾಕಿನವರು, ಹೀಗೆ ಊರಿಗೆ ಬಂದು ಸೇರಿದವರೆಲ್ಲರ ರಕ್ತವನ್ನೂ ಗಾಜಿನ ಮೇಲೆ ಸವರಿ ನೋಡಿದ ಕೈ ಅದು. ನಿವೃತ್ತಿಯ ದಿನ ಕೇಕ್ ಕತ್ತರಿಸಿ ಮನೆಗೆ ಬಂದವರೇ ಗಂಡನಿಗೆ ಹೇಳಿದರಂತೆ: "ಇಷ್ಟು ವರ್ಷ ಇವರದೆಲ್ಲ ರಕ್ತ ನೋಡಿದೆ ರೀ. ಒಬ್ಬರದ್ದೂ ಮುಖ ನೋಡ್ಲಿಲ್ಲ."

ಅದಾದ ಮೇಲೆ ದಂಪತಿ ಮೆಲ್ಬರ್ನ್ ಕಡೆ ಪ್ರವಾಸ ಹೋದರು. ಬ್ಯಾಲರಾಟ್‌ನಲ್ಲಿ, ಹಿಂದೆ ಚಿನ್ನ ಅಗೆಯುತ್ತಿದ್ದ ಊರಿನಲ್ಲಿ, ಒಬ್ಬ ಮನುಷ್ಯ ಹಳೆಯ ಪದ್ಧತಿಯಲ್ಲಿ ಫೋಟೋ ತೆಗೆದು ತೋರಿಸುತ್ತಿದ್ದ. ಕರಿಯ ಬಣ್ಣ ಬಳಿದ ತಗಡಿನ ಮೇಲೆ ಜೇನಿನಂಥ ಒಂದು ದ್ರವ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿ ಆರುವುದರೊಳಗೆ ಕ್ಯಾಮರಾಕ್ಕೆ ಹಾಕಿ ತೆಗೆಯಬೇಕು. ಆರಿದರೆ ಏನೂ ಮೂಡುವುದಿಲ್ಲ. ಆ ದ್ರವದ ಈಥರ್ ವಾಸನೆ ಮೂಗಿಗೆ ಬಡಿದದ್ದೇ ಭಾಗೀರಥಿಗೆ ಮೈಸೂರಿನ ಕಾಲೇಜಿನ ಲ್ಯಾಬೇ ಎದ್ದುಬಂದಂತಾಯಿತು. ಬದರಿನಾಥರು ಐಸ್‌ಕ್ರೀಮ್ ಮುಗಿಸುವಷ್ಟರಲ್ಲಿ ಹೆಂಡತಿ ಆ ಮನುಷ್ಯನ ಹತ್ತಿರ ಕೆಲಸ ಕಲಿಯುವ ದಿನ ಗೊತ್ತುಮಾಡಿಕೊಂಡಿದ್ದರು. ಮುಂದಿನ ವರ್ಷದೊಳಗೆ ಬದರಿನಾಥರ ಕೊರೊಲಾ ಕಾರು ಗ್ಯಾರೇಜಿನಿಂದ ರಸ್ತೆಗೆ ಬಿತ್ತು. ಅದರ ನೆತ್ತಿಯ ಮೇಲೆ ಆಲಿಕಲ್ಲು ಮಳೆ ಮಾಡಿದ ಗುಳಿಗಳನ್ನು ಅವರು ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತಾರೆ.

ಬೆಳ್ಳಿಯ ದ್ರಾವಣ ತಾಗಿದ ಚರ್ಮ ಕಪ್ಪಾಗುತ್ತದೆ, ಬೇಗ ಹೋಗುವುದಿಲ್ಲ. ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೊಬ್ಬರು ಆ ಬೆರಳುಗಳನ್ನು ನೋಡಿ, "ಮೆಹೆಂದಿ ಸರಿಯಾಗಿ ಹತ್ತಿಲ್ಲ ಅಲ್ವಾ?" ಎಂದು ಕನಿಕರಿಸಿದ್ದರು. ಭಾಗೀರಥಿ ಹೌದೆಂದು ಒಬ್ಬಟ್ಟಿಗೆ ಕೈಹಾಕಿದ್ದರು.

ಗ್ಯಾರೇಜಿನಲ್ಲಿ ಹೊತ್ತು ಲೆಕ್ಕ ಹಾಕುವುದು ಬದರಿನಾಥರ ಪಾಲಿನ ಕೆಲಸ. ಅವರಿಗೆ ಗಡಿಯಾರದ ಮೇಲೆ ನಂಬಿಕೆಯಿಲ್ಲ, ಮಗ್ಗಿಯ ಮೇಲಿದೆ. ಚುರುಕು ಬಿಸಿಲಿದ್ದರೆ ಮೂರರ ಮಗ್ಗಿ, ಮಬ್ಬಿದ್ದರೆ ಏಳರದ್ದು, ಮೋಡ ಕವಿದಿದ್ದರೆ ಹದಿಮೂರರದ್ದು. ಕತ್ತಿಗೆ ಹಿಡಿಕೆ ಸಿಕ್ಕಿಸಿಕೊಂಡು ಕೂತ ಬಿಳಿಯ ಗಿರಾಕಿಗಳು ಅದನ್ನೊಂದು ಮಂತ್ರವೆಂದು ತಿಳಿದು ಭಕ್ತಿಯಿಂದ ಉಸಿರು ಬಿಗಿಹಿಡಿಯುತ್ತಿದ್ದರು.

ಕೆಲಸ ಮಾಡುತ್ತಲೇ ಭಾಗೀರಥಿ ನೂರೈವತ್ತು ವರ್ಷ ಹಿಂದಿನ ಸ್ಟುಡಿಯೋದವರ ಸುದ್ದಿಯನ್ನು ಪಕ್ಕದ ಮನೆಯವರ ಸುದ್ದಿಯಂತೆ ಹೇಳುತ್ತಿದ್ದರು. ಸಿಡ್ನಿಯ ಜಾರ್ಜ್ ಸ್ಟ್ರೀಟ್‌ನಲ್ಲಿ ಕಟ್ಟಡಗಳ ಕೊನೆಯ ಮಹಡಿಯಲ್ಲಿ ಗಾಜಿನ ಸೂರಿನ ಕೆಳಗೆ ಅವರ ಅಂಗಡಿ. ಉದ್ದ ಲಂಗದ ಹೆಂಗಸರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರೆ, ಮೊದಲು ಕೂರಿಸಿ ನೀರು ಕೊಡಬೇಕು. ಎದೆ ಏರಿಳಿದರೂ ಫೋಟೋ ಕೆಡುತ್ತದೆ. ನಿನ್ನೆ ಹಲ್ಲು ಕೀಳುತ್ತಿದ್ದವನು ಇವತ್ತು ಫೋಟೋಗ್ರಾಫರ್. ವ್ಯಾಪಾರ ನಡೆಯದಿದ್ದರೆ ಗಾಡಿಗೆ ಡೇರೆ, ಬಾಟಲಿ ಹೇರಿಕೊಂಡು ಚಿನ್ನದ ಗಣಿಗಳತ್ತ ಹೊರಡುತ್ತಿದ್ದರು. "ಚಿನ್ನ ಸಿಕ್ಕೋನು ಚಿನ್ನ ಕಳಿಸ್ತಿದ್ದ, ಸಿಗದೇ ಇದ್ದೋನು ತಗಡಿನ ಮೇಲೆ ಮುಖ ಕಳಿಸ್ತಿದ್ದ, ಹಡಗಲ್ಲಿ, ಅಮ್ಮಂಗೆ" ಎನ್ನುತ್ತಿದ್ದರು. ಚಿತ್ರ ತಿಳಿಯಾಗಿಸಲು ಆಗಿನವರು ಸಯನೈಡ್ ಬಳಸುತ್ತಿದ್ದರು, ಕೆಲವರು ಅದರಿಂದಲೇ ಸತ್ತರು. ಭಾಗೀರಥಿಯ ಗ್ಯಾರೇಜಿನಲ್ಲಿ ಅದರ ಬದಲು ವಿಷವಲ್ಲದ ಹೈಪೋ ದ್ರಾವಣ. "ನಮ್ಮನೇವ್ರು ಸ್ಟೀಲ್ ಲೋಟದಲ್ಲಿ ಏನಿದ್ರೂ ಎತ್ಕೊಂಡು ಕುಡಿದುಬಿಡ್ತಾರೆ, ಅದಕ್ಕೆ."

ಅವರದ್ದೊಂದು ಪದ್ಧತಿಯಿತ್ತು. ತಗಡು ಹೈಪೋ ತಟ್ಟೆಯಲ್ಲಿ ತಿಳಿಯಾಗುವಾಗ ಕೂತವರೇ ಬಂದು ನೋಡಬೇಕು. ಮೊದಲು ನೀಲಿ ಮಂಜು, ಆಮೇಲೆ ಆ ಮಂಜು ಕರಗಿ ಕಪ್ಪಿನೊಳಗಿಂದ ಮುಖ ಎದ್ದುಬರುತ್ತದೆ. "ನಿಮ್ಮ ಮುಖ ನಿಮ್ಮ ಮುಂದೇನೇ ಹುಟ್ಟಬೇಕು. ಆಮೇಲೆ ನಾನೇನೋ ಮಾಡಿದೆ ಅನ್ನಬಾರದು."

ಈ ನಡುವೆ ಮನೋಜನಿಗೆ ಮದುವೆ ಗೊತ್ತಾಯಿತು. ಹುಡುಗಿ ನಿವೇದಿತಾ, ಮೆಲ್ಬರ್ನಿನ ಗ್ಲೆನ್ ವೇವರ್ಲಿಯವಳು. ತಂದೆ ದಿವಾಕರ ಮೇಷ್ಟ್ರು, ಯೂನಿವರ್ಸಿಟಿಯಿಂದ ನಿವೃತ್ತರು. ತಾಯಿ ಪದ್ಮಿನಿ ಇನ್ನೂ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಿವೇದಿತಾ ಹಳೆಯ ಕಟ್ಟಡಗಳ ದುರಸ್ತಿ ನೋಡಿಕೊಳ್ಳುವ ಆರ್ಕಿಟೆಕ್ಟ್. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಸಿಟ್ಟು ಬಂದಾಗ ಮಾತ್ರ ಇಂಗ್ಲಿಷಿಗೆ ಹಾರುತ್ತಿದ್ದಳು. ಮನೋಜನನ್ನು ಇಂಥವಳು ಯಾಕೆ ಒಪ್ಪಿದಳು ಎಂಬುದು ಅವನಿಗೇ ಬಗೆಹರಿಯದ ವಿಷಯ. ಕೇಳಿದರೆ ಎಲ್ಲಿ ಮರುಯೋಚನೆ ಮಾಡುತ್ತಾಳೋ ಎಂದು ಕೇಳಿರಲಿಲ್ಲ.

"ಡ್ರೋನ್ ಶೂಟ್ ಎಲ್ಲಾ ಬೇಡ" ಎಂದಿದ್ದಳು ಅವಳು. "ನಿಮ್ಮ ಆಂಟಿ ಹತ್ರ ಒಂದು ತಗಡಿನ ಪ್ಲೇಟ್ ತೆಗೆಸಿ. ನೀವು ಸ್ಮೈಲ್ ಮಾಡ್ದೆ ಹೇಗಿರ್ತೀರಾ ನೋಡ್ಬೇಕು. ಎಂಗೇಜ್‌ಮೆಂಟ್‌ಗೆ ಟೇಬಲ್ ಮೇಲೆ ಇಡೋಣ."

ಅಂತೆಯೇ ಒಂದು ಶನಿವಾರ ಬೆಳಿಗ್ಗೆ ಮನೋಜ ಶೇರ್ವಾನಿ ತೊಟ್ಟು, ಕತ್ತನ್ನು ಹಿಡಿಕೆಗೆ ಕೊಟ್ಟು ಕುರ್ಚಿಯಲ್ಲಿ ಕೂತ. ಬದರಿನಾಥರು "ಏಳೊಂದ್ಲಾ ಏಳು" ಶುರುಮಾಡಿದರು. ಏಳೇಳ್ಲಾ ನಲವತ್ತೊಂಬತ್ತಕ್ಕೆ ಮನೋಜನ ಮೂಗು ತುರಿಸಿತು, ಎಪ್ಪತ್ತಕ್ಕೆ ಕಣ್ಣಲ್ಲಿ ನೀರು ಬಂತು. ಭಾಗೀರಥಿ ತಗಡನ್ನು ಕತ್ತಲ ಕೋಣೆಗೆ ಒಯ್ದು, ತಂದು, ಹೈಪೋ ತಟ್ಟೆಗೆ ಬಿಟ್ಟು, "ಬಾ, ನೋಡು" ಎಂದು ಕರೆದರು.

ಮಂಜು ಕರಗಿತು. ಶೇರ್ವಾನಿಯ ಗುಂಡಿಗಳು ಬಂದವು. ಹುಬ್ಬು ಬಂತು. ತನಗಿಂತ ಎರಡು ಪಟ್ಟು ಕಪ್ಪಗೆ, ಆದರೆ ಹತ್ತು ಪಟ್ಟು ಗಂಭೀರವಾಗಿ ಒಬ್ಬ ಮನುಷ್ಯ ಎದ್ದುಬಂದ. ಪರವಾಗಿಲ್ಲವೇ ಎಂದುಕೊಳ್ಳುತ್ತಿರುವಾಗಲೇ, ತುಟಿಯ ಅಂಚಿನಿಂದ ದವಡೆಯವರೆಗೆ, ಯಾರೋ ಸುಣ್ಣದ ಬೆರಳು ಎಳೆದ ಹಾಗೆ, ಬೆಳ್ಳನೆಯ ಒಂದು ಪಟ್ಟೆ ಮೂಡಿತು. ಅದರ ಕೆಳಗೆ, ಗದ್ದದ ಪಕ್ಕ, ಇನ್ನೊಂದು ಸಣ್ಣದು.

"ಆಂಟಿ, ತಗಡು ಕೆಟ್ಟಿದೆ."

ಭಾಗೀರಥಿ ತಗಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಮನೋಜ ತನ್ನ ಬಲಗೆನ್ನೆಯನ್ನು ಉಜ್ಜಿ ನೋಡಿಕೊಂಡ. ಕೈಗೆ ಏನೂ ಹತ್ತಲಿಲ್ಲ.

"ಅದಲ್ಲ, ಎಡಗಡೆ. ಇದು ಕನ್ನಡಿ ಥರ ಬರೋದು" ಎಂದು ಭಾಗೀರಥಿ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಬರಿಗಣ್ಣಿಗೆ ಏನೂ ಇಲ್ಲ. ದಿನಾ ಕನ್ನಡಿಯಲ್ಲಿ ಕಾಣುವ ಅದೇ ಗೋಧಿ ಬಣ್ಣದ, ಹೇಳಿಕೊಳ್ಳುವಂಥದ್ದೇನೂ ಇಲ್ಲದ ಕೆನ್ನೆ. "ಹೋಗಿ ಕೂತ್ಕೋ. ಇನ್ನೊಂದು ಹಾಕ್ತೀನಿ."

ಬದರಿನಾಥರು ಮತ್ತೆ ಏಳರ ಮಗ್ಗಿ ಹೇಳಿದರು. ಈ ಸಲ ಮನೋಜನಿಗೆ ಮೂಗು ತುರಿಸಲಿಲ್ಲ. ಮಂಜು ಕರಗಿತು. ಪಟ್ಟೆ ಅಲ್ಲೇ ಇತ್ತು, ಅದೇ ಆಕಾರದಲ್ಲಿ.

"ತಗಡಿನ ತಪ್ಪು ಎರಡು ಸಲ ಒಂದೇ ಜಾಗಕ್ಕೆ ಬರಲ್ಲ ಕಣೋ" ಎಂದರು ಭಾಗೀರಥಿ. ಅವರ ದನಿ ಮೆತ್ತಗಾಗಿತ್ತು. ಅದು ಮನೋಜನನ್ನು ಇನ್ನಷ್ಟು ಹೆದರಿಸಿತು. "ನಮ್ಮ ಕಣ್ಣಿಗೆ ಕಾಣೋ ಬೆಳಕೇ ಬೇರೆ, ಈ ತಗಡಿಗೆ ಕಾಣೋದೇ ಬೇರೆ. ಕೆಂಪು, ಹಳದಿ ಇದಕ್ಕೆ ಕಪ್ಪು. ನೀಲಿ ಇದಕ್ಕೆ ಬಿಳಿ. ಚರ್ಮದ ಬಣ್ಣ ಒಂಚೂರು ಹೆಚ್ಚುಕಮ್ಮಿ ಆದ್ರೂ ಹಿಡಿಯತ್ತೆ. ಯುರೋಪಲ್ಲಿ ಒಬ್ಬ ಹೆಂಗಸಿನ ಫೋಟೋದಲ್ಲಿ ಮುಖದ ತುಂಬ ಚುಕ್ಕೆ ಬಂತಂತೆ. ಎದುರಿಗೆ ನೋಡಿದ್ರೆ ಏನೂ ಇಲ್ಲ. ಆಮೇಲೆ ಅವಳಿಗೆ ಸಿಡುಬು ಎದ್ದಿತು ಅಂತ ಆಗಿನ ಫೋಟೋಗ್ರಾಫರ್‌ಗಳು ಕತೆ ಹೇಳ್ತಿದ್ರು. ನಾನು ಡಾಕ್ಟರಲ್ಲ. ಚರ್ಮದ ಡಾಕ್ಟರಿಗೆ ತೋರಿಸು. ಆದ್ರೆ ಕೇಳ್ತೀಯ ಅಂದ್ರೆ, ಅಲ್ಲಿ ನಿನ್ನ ಬಣ್ಣ ಹೋಗ್ತಾ ಇದೆ."

"ಅಂದ್ರೆ?"

"ತೊನ್ನು."

ತುಮಕೂರಿನಲ್ಲಿ ಮನೋಜನ ಬೀದಿಯಲ್ಲೇ ಒಬ್ಬ ಹೆಂಗಸಿದ್ದರು; ಕೈ ಮೇಲೆ ಬಿಳಿ ಮಚ್ಚೆ. ಆ ಮನೆಗೆ ಹೆಣ್ಣು ಕೊಡುವವರೂ ಇರಲಿಲ್ಲ, ತರುವವರೂ ಇರಲಿಲ್ಲ. ಅವರು ಕೊಟ್ಟ ಎಳ್ಳುಬೆಲ್ಲವನ್ನು ಮನೋಜನ ಮನೆಯವರು ಬಾಗಿಲು ಮುಚ್ಚಿಕೊಂಡ ಮೇಲೆ ಕಸಕ್ಕೆ ಸುರಿಯುತ್ತಿದ್ದರು. ಅವನೂ ಸುರಿದಿದ್ದ.

"ಆಂಟಿ, ಇದನ್ನ ಉಜ್ಜಿ ಹಾಕಿ."

"ಏನಂದೆ?"

"ಇನ್ನೂ ವಾರ್ನಿಷ್ ಹಚ್ಚಿಲ್ಲ ಅಲ್ವಾ? ಹೋಗತ್ತೆ ಅಲ್ವಾ? ಅಥವಾ ಅಲ್ಲಿಗೆ ಏನಾದ್ರೂ ಬಣ್ಣ ಹಚ್ಚಿ. ಆ ಕಾಲದವರು ಕೆನ್ನೆಗೆ ಗುಲಾಬಿ ಬಣ್ಣ ಹಚ್ತಿದ್ರು, ವಾಚಿನ ಚೈನಿಗೆ ಚಿನ್ನದ ನೀರು ಹಚ್ತಿದ್ರು ಅಂತ ನೀವೇ ಹೇಳಿದ್ರಲ್ಲ!"

"ಹಚ್ತಿದ್ರು. ನಾನು ಹಚ್ಚಲ್ಲ." ಭಾಗೀರಥಿ ಎರಡೂ ತಗಡುಗಳನ್ನು ತೊಳೆದು, ಒಣಗಿಸಿ, ಅವನ ಕೈಗೇ ಇಟ್ಟರು. "ಒಂದು ಬೆರಳು ಒರೆಸಿದ್ರೆ ಅಳಿಸಿಹೋಗತ್ತೆ. ಮುಖ ನಿಂದು. ಏನು ಬೇಕಾದ್ರೂ ಮಾಡ್ಕೋ. ನನ್ನ ಬಾಯಿಂದ ಯಾರಿಗೂ ಹೋಗಲ್ಲ, ಇವರ ಬಾಯಿಂದಲೂ ಇಲ್ಲ. ಆದ್ರೆ ಆ ಹುಡುಗಿಗೆ ಹೇಳು."

"ಹ್ಞೂ" ಎಂದ ಮನೋಜ. ಗ್ರ್ಯಾನಿ ಫ್ಲ್ಯಾಟಿಗೆ ಹೋಗಿ ಬಾಗಿಲು ಹಾಕಿಕೊಂಡು ಎರಡೂ ತಗಡುಗಳನ್ನು ಹೆಬ್ಬೆರಳಿನಿಂದ ಒರೆಸಿದ. ಮೊದಲು ಕೆನ್ನೆ ಹೋಯಿತು, ಆಮೇಲೆ ಬಾಯಿ. ಕಣ್ಣುಗಳನ್ನು ಒರೆಸಲು ಸ್ವಲ್ಪ ಹೊತ್ತು ಹಿಡಿಯಿತು.

ಚರ್ಮದ ಡಾಕ್ಟರು ದೀಪ ಆರಿಸಿ, ನೇರಳೆ ಬೆಳಕಿನ ಪುಟ್ಟ ಲ್ಯಾಂಪೊಂದನ್ನು ಕೆನ್ನೆಗೆ ಹಿಡಿದು ಹೌದೆಂದರು. ಅಂಟುವ ಕಾಯಿಲೆಯಲ್ಲ, ಜೀವಕ್ಕೆ ಅಪಾಯವಿಲ್ಲ, ಹರಡಬಹುದು, ಹರಡದೆಯೂ ಇರಬಹುದು, ಮುಲಾಮು ಇದೆ. ಇಷ್ಟನ್ನೂ ಅವರು ನಗುಮುಖದಿಂದಲೇ ಹೇಳಿದರು. ಮನೋಜನಿಗೆ ಕೇಳಿಸಿದ್ದು 'ಹರಡಬಹುದು' ಒಂದೇ. ನಿವೇದಿತಾ ಫೋನ್ ಮಾಡಿ ಪ್ಲೇಟ್ ಎಲ್ಲಿ ಎಂದು ಕೇಳಿದಾಗ, "ಕೆಟ್ಟೋಯ್ತು, ಮೋಡ ಇತ್ತು" ಎಂದ.

"ಓ, ನೋ ವರೀಸ್!" ಎಂದಳು ಅವಳು. "ನಾನು ಆಂಟಿ ಅಂಕಲ್‌ನ ಇಲ್ಲಿಗೇ ಕರೆದಿದೀನಿ. ಗೋಲ್ಡ್ ರಷ್ ಟೈಮ್ ಥರ ಡೇರೆ ಹಾಕಿ, ಬ್ಯಾಕ್‌ಯಾರ್ಡಲ್ಲಿ ಎಲ್ಲರದ್ದೂ ತೆಗೀತಾರಂತೆ. ಸರ್‌ಪ್ರೈಸ್!"

ಸರ್‌ಪ್ರೈಸ್ ಸರಿಯಾಗಿಯೇ ಆಗಿತ್ತು.

ಮುಂದಿನ ದಿನಗಳಲ್ಲಿ ಅವನು ಪ್ಲೇನ್ ತಪ್ಪಿಸಿಕೊಳ್ಳುವ, ಕಾಲು ಮುರಿದುಕೊಳ್ಳುವ, ಕಂಪನಿಯವರೇ ತನ್ನನ್ನು ಎಲ್ಲಿಗಾದರೂ ಅಟ್ಟಿಬಿಡುವ ದಾರಿಗಳನ್ನೆಲ್ಲ ಯೋಚಿಸಿದ. ಕೊನೆಗೆ ಅವನನ್ನು ಕಾಪಾಡಿದ್ದು, ಎಂದಿನಂತೆ, ಫೋನು. ಅದರಲ್ಲಿ ಯಾರೋ ಬರೆದಿದ್ದರು: ಒದ್ದೆ ತಗಡಿನ ಫೋಟೋಗೆ ಕೂರುವ ಮುಂಚೆ ಸನ್‌ಸ್ಕ್ರೀನ್ ಹಚ್ಚಬೇಡಿ, ಮುಖವೆಲ್ಲ ಕಪ್ಪಾಗಿ ಬರುತ್ತದೆ. ಮನೋಜ ಅದನ್ನು ಮೂರು ಸಲ ಓದಿದ. ತಾನೊಬ್ಬನೇ ಕಪ್ಪಾದರೆ ಅನುಮಾನ ಬರುತ್ತದೆ. ಎಲ್ಲರೂ ಕಪ್ಪಾದರೆ?

ಗ್ಲೆನ್ ವೇವರ್ಲಿಯ ಮನೆಯ ಹಿತ್ತಲಿನಲ್ಲಿ ಎಂಗೇಜ್‌ಮೆಂಟಿನ ಭಾನುವಾರ ಬಿಸಿಲು ಕಾಯುತ್ತಿತ್ತು. ಬಟ್ಟೆ ಒಣಹಾಕುವ ಕಂಬದ ಪಕ್ಕದಲ್ಲಿ ಭಾಗೀರಥಿಯ ಕರಿ ಡೇರೆ. ಅದರ ಮುಂದೆ ಕುರ್ಚಿ, ಸ್ಟ್ಯಾಂಡು, ಮರದ ಕ್ಯಾಮರಾ. ಹಿಂದಿನ ದಿನವೇ ಸಿಡ್ನಿಯಿಂದ ಹ್ಯೂಮ್ ಹೈವೇಯಲ್ಲಿ ಎಲ್ಲವನ್ನೂ ಹೊತ್ತು ತಂದಿದ್ದ ಬದರಿನಾಥರು ಮೂರರ ಮಗ್ಗಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮನೋಜ ಬಂದವನೇ ಪದ್ಮಿನಿಯವರನ್ನು ಹುಡುಕಿದ.

"ಆಂಟಿ, ಯುವಿ ತುಂಬ ಇದೆ ಇವತ್ತು. ಎಲ್ಲರೂ ಸನ್‌ಸ್ಕ್ರೀನ್ ಹಚ್ಕೊಂಡ್ರೆ ಒಳ್ಳೇದು."

ಟೋಪಿಯಿಲ್ಲದೆ ಆಟಕ್ಕೆ ಬಿಡದ ಶಾಲೆಯ ಟೀಚರಮ್ಮನಿಗೆ ಇದಕ್ಕಿಂತ ಹಿತವಾದ ಮಾತು ಬೇರೊಂದಿಲ್ಲ. "ನೋಡಿ ರೀ, ಅಳಿಯ ಅಂದ್ರೆ ಹೀಗಿರ್ಬೇಕು!" ಎಂದು ಗಂಡನಿಗೆ ಸಾರಿ, ದೊಡ್ಡ ಡಬ್ಬಿ ತಂದು, ಸಾಲಾಗಿ ನಿಲ್ಲಿಸಿ ನೆಂಟರೆಲ್ಲರ ಮುಖಕ್ಕೂ ತಾವೇ ಬಳಿದರು. ಮನೋಜ ತನ್ನದಕ್ಕೆ ಎರಡು ಸಲ ಬಳಿದುಕೊಂಡ.

ಮೊದಲ ತಗಡು ಪದ್ಮಿನಿ, ದಿವಾಕರರದ್ದು. ಪದ್ಮಿನಿ ನವಿಲುನೀಲಿ ರೇಷ್ಮೆ ಉಟ್ಟಿದ್ದರು. ಹೈಪೋ ತಟ್ಟೆಯ ಸುತ್ತ ನೆಂಟರೆಲ್ಲ ಕವಿದುಕೊಂಡರು. ಮಂಜು ಕರಗಿತು. ಗಂಡ ಹೆಂಡತಿ ಇಬ್ಬರ ಮುಖವೂ ದೋಸೆ ಕಾವಲಿ. ಸೀರೆಯಂತೂ ಹಾಲಿನಷ್ಟು ಬಿಳಿ.

"ಅಯ್ಯಯ್ಯೋ!" ಪದ್ಮಿನಿ ಬಾಯಿಗೆ ಸೆರಗು ಒತ್ತಿಕೊಂಡರು. "ಎಂಗೇಜ್‌ಮೆಂಟ್ ದಿನ ನಂಗೆ ಬಿಳಿ ಸೀರೆ ಉಡಿಸಿಬಿಟ್ರಲ್ಲ! ರೀ, ನೀವು ಚೆನ್ನಾಗಿದೀರಲ್ಲ?"

"ಇಲ್ಲಿವರೆಗೂ ಚೆನ್ನಾಗಿದ್ದೆ" ಎಂದರು ದಿವಾಕರ, ತಟ್ಟೆಯಲ್ಲಿದ್ದ ತಮ್ಮ ಕರಿಮುಖದಿಂದ ಕಣ್ಣು ಕೀಳದೆ.

"ನೀಲಿ ಬೆಳ್ಳಗೇ ಬರೋದು, ಅದು ತಗಡಿನ ಗುಣ" ಎಂದರು ಭಾಗೀರಥಿ. "ಮುಖ ಯಾಕೆ ಮಸಿ ಆಯ್ತು? ಏನು ಹಚ್ಕೊಂಡಿದೀರಿ?"

"ಸನ್‌ಸ್ಕ್ರೀನು. ಮನೋಜೇ ಜ್ಞಾಪಿಸಿದ್ದು. ಎಷ್ಟು ಕಾಳಜಿ ಅಂತೀರಾ!"

ಭಾಗೀರಥಿ ತಲೆಯೆತ್ತಿ ಮನೋಜನನ್ನು ನೋಡಿದರು. ಅವನು ಬಟ್ಟೆ ಒಣಹಾಕುವ ಕಂಬವನ್ನು ನೋಡಿದ.

"ಎಲ್ಲರೂ ಹೋಗಿ ಮುಖ ತೊಳ್ಕೊಂಡು ಬನ್ನಿ. ಸೋಪು ಹಾಕಿ" ಎಂದರು ಅವರು. "ಮುಂದಿನದು ಮದುಮಗನದ್ದು."

ನೆಂಟರು ನಗುತ್ತ, ಒಬ್ಬರನ್ನೊಬ್ಬರು ಕಾವಲಿ, ಇದ್ದಿಲು ಎಂದು ಹಂಗಿಸುತ್ತ ಒಳಗೆ ಹೋದರು. ಹಿತ್ತಲಿನ ನಲ್ಲಿಯ ಹತ್ತಿರ ಮನೋಜ ಉಳಿದ. ನಿವೇದಿತಾ ಟವೆಲ್ ಹಿಡಿದು ಬಂದಳು.

"ಕಮ್ ಆನ್, ತೊಳ್ಕೊಳ್ಳಿ."

"ನಂಗೆ ಹೀಗೇ ಇರ್ಲಿ."

"ಕಪ್ಪಗೆ? ವೈ?"

ಹೊಟ್ಟೆನೋವು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಆಗಿತ್ತು. ಆದರೆ ಅವಳು ಟವೆಲನ್ನು ಎರಡೂ ಕೈಯಲ್ಲಿ ಬಿಡಿಸಿ, ಮಗುವಿನ ಮುಖ ಒರೆಸಲು ನಿಂತವಳಂತೆ ಕಾಯುತ್ತಿದ್ದಳು. ಆ ಟವೆಲಿನ ಮುಂದೆ ಅವನ ಸುಳ್ಳಿಗೆ ಕಾಲು ನಿಲ್ಲಲಿಲ್ಲ.

"ಪ್ಲೇಟ್ ಕೆಟ್ಟಿರ್ಲಿಲ್ಲ" ಎಂದ. "ನಾನೇ ಅಳಿಸಿಹಾಕಿದೆ. ನಂಗೆ... ವಿಟಿಲಿಗೊ. ಇಲ್ಲಿ, ಎಡಗಡೆ. ಡಾಕ್ಟರೂ ಹೌದು ಅಂದ್ರು. ಹರಡಬಹುದಂತೆ."

ನಿವೇದಿತಾ ಅವನ ಕೆನ್ನೆಯ ಹತ್ತಿರ ಬಗ್ಗಿ ನೋಡಿದಳು. "ಏನೂ ಕಾಣಿಸ್ತಿಲ್ಲ."

"ಪ್ಲೇಟಿಗೆ ಕಾಣತ್ತೆ."

"ಯಾವಾಗ ಗೊತ್ತಾಯ್ತು?"

"ಮೂರು ವಾರ ಆಯ್ತು."

ಅವಳ ಮುಖದಿಂದ ನಗು ಇಳಿದುಹೋಯಿತು. "ತ್ರೀ ವೀಕ್ಸ್," ಎಂದಳು. "ದಿನಾ ಮಾತಾಡಿದೀವಿ. ಪರ್ದೆ ಕಲರ್ ಬಗ್ಗೆ ಒಂದು ಗಂಟೆ ಮಾತಾಡಿದೀವಿ." ಅವನ ಕೆನ್ನೆಗೆ ಬೆರಳು ತೋರಿಸಿ, "ಅಂಡ್ ದಿ ಸನ್‌ಸ್ಕ್ರೀನ್? ಮೈ ಗಾಡ್. ನಮ್ಮಮ್ಮನ ಕೈಲಿ—" ಎಂದವಳು ಮಾತು ಮುಗಿಸದೆ ಟವೆಲನ್ನು ಅವನ ಎದೆಗೆಸೆದಳು. "ವಾಷ್ ಇಟ್. ಹೋಗಿ ಕೂತ್ಕೊಳ್ಳಿ. ನಾನು ನೋಡ್ಬೇಕು."

ಮನೋಜ ತೊಳೆದುಕೊಂಡ. ಕುರ್ಚಿಗೆ ಹೋಗಿ ಕೂತ. ಭಾಗೀರಥಿ ಬಂದು ಹಿಡಿಕೆಯನ್ನು ಕತ್ತಿಗೆ ಹೊಂದಿಸುವಾಗ ಅವರ ಕಪ್ಪು ಬೆರಳು ಕಿವಿಗೆ ತಣ್ಣಗೆ ತಾಗಿತು. "ಹೇಳಿದ್ಯಾ?" ಎಂದು ಪಿಸುಗುಟ್ಟಿದರು. "ಈಗ" ಎಂದ. ಅವರು ಕ್ಯಾಮರಾದ ಹಿಂದೆ ಹೋದರು. ಬದರಿನಾಥರು ಮೂರರ ಮಗ್ಗಿಯನ್ನು ಹಿಂದೆಂದೂ ಅಷ್ಟು ನಿಧಾನವಾಗಿ ಹೇಳಿರಲಿಕ್ಕಿಲ್ಲ. ಅಥವಾ ಮನೋಜನಿಗೆ ಹಾಗನ್ನಿಸಿತು.

ತಟ್ಟೆಯ ಸುತ್ತ ಎಲ್ಲರೂ ಮತ್ತೆ ಸೇರಿದರು. ಈ ಸಲ ಮುಖ ಸ್ಫುಟವಾಗಿ ಬಂತು. ಕಣ್ಣು, ಮೂಗು, ಒದ್ದೆ ಕೂದಲು. ಆಮೇಲೆ ಸುಣ್ಣದ ಪಟ್ಟೆ. ಮೂರು ವಾರದಲ್ಲಿ ಅದು ಗದ್ದದ ಮಚ್ಚೆಯನ್ನು ಕೂಡಿಕೊಂಡಿತ್ತು. ಹಂಗಿಸುತ್ತಿದ್ದವರ ನಗು ನಿಂತಿತು. ಯಾರೋ ಅಯ್ಯೋ ಎಂದರು, ಇನ್ನಾರೋ ಶ್ ಎಂದರು. ದಿವಾಕರ ಕನ್ನಡಕ ತೆಗೆದು ಒರೆಸತೊಡಗಿದರು.

"ಭಾಗೀರಥಿಯವರೇ, ಇದೂ ಕೆಟ್ಟಿದೆ ಅಲ್ವಾ?" ಪದ್ಮಿನಿ ಭಾಗೀರಥಿಯ ತೋಳು ಹಿಡಿದರು. "ಕೆಮಿಕಲ್ ಏನೋ ಹೆಚ್ಚುಕಮ್ಮಿ ಆಗಿದೆ, ಹೌದು ತಾನೆ?"

ಹೌದು ಎಂಬ ಒಂದು ಮಾತು, ಅಷ್ಟೇ ಸಾಕಿತ್ತು. ಭಾಗೀರಥಿ ಅವನ ಕಡೆ ನೋಡಿದರು. ಅವನದಾದ ಮಾತನ್ನು ತಾವು ಆಡಲಿಲ್ಲ.

"ಕೆಟ್ಟಿಲ್ಲ ಆಂಟಿ" ಎಂದ ಮನೋಜ. "ನಂಗೆ ತೊನ್ನು."

ಬೇರೆ ಶಬ್ದಗಳಿದ್ದವು, ಡಾಕ್ಟರು ಹೇಳಿಕೊಟ್ಟಿದ್ದ ಇಂಗ್ಲಿಷಿನವು. ಬಾಯಿಗೆ ಬಂದದ್ದು ತುಮಕೂರಿನ ಬೀದಿಯದ್ದೇ. ಪದ್ಮಿನಿ ಹಿಂದೆ ಸರಿದು ಗಾರ್ಡನ್ ಕುರ್ಚಿಯ ಮೇಲೆ ಕುಸಿದರು.

ನಿವೇದಿತಾ ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಹಳೆಯ ಗೋಡೆಯ ಬಿರುಕನ್ನು ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆಯುವವಳ ನೋಟ ಅದು. ಆಮೇಲೆ ಒಳಗಿನಿಂದ ಇನ್ನೊಂದು ಕುರ್ಚಿಯನ್ನು ತಾನೇ ಎಳೆದು ತಂದು ಮನೋಜನ ಕುರ್ಚಿಯ ಪಕ್ಕದಲ್ಲಿ, ಅವನ ಎಡಗಡೆಗೆ ಹಾಕಿದಳು.

"ಆಂಟಿ, ಇನ್ನೊಂದು ಪ್ಲೇಟ್ ಹಾಕಿ. ಇಬ್ರದ್ದೂ." ಮನೋಜ ಏನೋ ಹೇಳಹೋದ. "ಡೋಂಟ್. ಐ ಆ್ಯಮ್ ಸೋ ಆಂಗ್ರಿ ವಿದ್ ಯೂ. ಸುಮ್ನೆ ಕೂತ್ಕೊಳ್ಳಿ. ನಾಳೆಯಿಂದ ಡಾಕ್ಟರ್ ಹತ್ರ ಹೋಗುವಾಗ ಫೋನಲ್ಲಿ ನನ್ನನ್ನೂ ಸೇರಿಸ್ಕೊಬೇಕು. ಪ್ರತೀ ಸಲ."

ನಗುವ ಅಗತ್ಯವೇ ಇಲ್ಲದ ಫೋಟೋ ಅದು. ಇಬ್ಬರೂ ಬಿಗಿದ ಮುಖದಲ್ಲಿ ನೆಟ್ಟಗೆ ಕೂತರು.

ಭಾಗೀರಥಿ ಹೊಸ ತಗಡು ಎತ್ತಿಕೊಂಡು ದ್ರವ ಸುರಿಯತೊಡಗಿದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅದು ನಿಧಾನವಾಗಿ ಹರಿಯಿತು. ಈಥರಿನ ವಾಸನೆ ಹಿತ್ತಲಿಗೆಲ್ಲ ಹಬ್ಬಿತು. ಪದ್ಮಿನಿ ಎದ್ದು ಬಂದು ಅವರೆದುರಿಗೇ ನಿಂತರು. ಕಣ್ಣು ಕೆಂಪಾಗಿತ್ತು.

"ನಿಮಗೂ ಒಬ್ಬಳು ಮಗಳಿದಾಳೆ. ಅವಳನ್ನ ಇವನಿಗೆ ಕೊಡ್ತಿದ್ರಾ? ಎಲ್ಲರ ಮುಂದೆ ನಿಜ ಹೇಳಿ."

ಕುರ್ಚಿಯಲ್ಲಿದ್ದ ಮನೋಜ ಕತ್ತು ತಿರುಗಿಸಹೋದ, ಹಿಡಿಕೆ ಬಿಡಲಿಲ್ಲ.

ಭಾಗೀರಥಿ ತಗಡಿನ ಅಂಚಿನಲ್ಲಿ ಉಳಿದ ಹನಿಯನ್ನು ಬಾಟಲಿಗೆ ಇಳಿಸಿದರು.

"ಕೊಡ್ತಿರ್ಲಿಲ್ಲ" ಎಂದರು. "ಮಚ್ಚೆ ಇದ್ದಿದ್ದಕ್ಕಲ್ಲ. ಅದನ್ನ ಮುಚ್ಚೋಕೆ ನಿಮ್ಮೆಲ್ಲರ ಮುಖಕ್ಕೂ ಮಸಿ ಬಳಿಸಿದ್ನಲ್ಲ, ಅದಕ್ಕೆ. ಆದ್ರೆ ತಾನೇ ಕುರ್ಚಿ ಎಳ್ಕೊಂಡು ಬಂದು ಪಕ್ಕದಲ್ಲಿ ಕೂತಿರೋಳು ನನ್ನ ಮಗಳಲ್ಲ, ನಿಮ್ಮೋಳು. ಈಗ ಸರೀರಿ, ತಗಡು ಆರ್ತಾ ಇದೆ."